ಆಪರೇಶನ್ನಿಗೆ ಮೊದಲು ಎಷ್ಟು ಉಪವಾಸ?



ಕಾಪು, ಕಾರ್ಕಳದಿಂದ ಉಡುಪಿ, ಮಣಿಪಾಲಕ್ಕೆ ದೊಡ್ಡ ಆಪರೇಶನ್ನಿಗೆ ಹೋಗುವವರಲ್ಲಿ ಕೆಲವರು ಹಿಂದಿನ ರಾತ್ರಿಯಿಂದಲೇ ನೀರನ್ನೂ ಬಿಡುವುದುಂಟು. ಎಲ್ಲರಿಗೂ ಅಷ್ಟು ಉಪವಾಸ ಬೇಕಿಲ್ಲ.

ಮತ್ತು ಬರಿಸಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಗಂಜಿ, ಹಾಲು, ತಿಂಡಿ ಕರಗಲು ತಡ. ಇವನ್ನು ಕನಿಷ್ಠ 6 ಗಂಟೆ ಮೊದಲೇ ನಿಲ್ಲಿಸಬೇಕು. ಜಿಡ್ಡಿನ ಊಟಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ನೀರು ಬೇಗ ಇಳಿಯುವುದರಿಂದ ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ಕೆಲವರಿಗೆ ಡಾಕ್ಟರರು ಆಗ ಪಿಷ್ಟ, ಸಕ್ಕರೆ ಕೂಡಿದ ತಿಳಿಯಾದ ಪಾನೀಯ ಕೊಡಿಸುತ್ತಾರೆ. ಅದರಿಂದ ಹಸಿವು, ಬಾಯಾರಿಕೆಯ ಸಂಕಟ ತಗ್ಗುತ್ತದೆ. ಸಕ್ಕರೆ ಕಾಯಿಲೆಯವರು ಡಾಕ್ಟರರನ್ನು ಕೇಳದೆ ಅದನ್ನು ಕುಡಿಯಬಾರದು.

ನಿಮಗೆ ಹೇಳಿದ ಹೊತ್ತನ್ನೇ ಪಾಲಿಸಿರಿ. ಬಸ್ಸು ಹತ್ತುವ ಮೊದಲು ಗಂಜಿ ಕುಡಿದಿದ್ದರೆ ಮುಚ್ಚಿಡಬೇಡಿರಿ. ಆಪರೇಶನ್ ಮುಂದೆ ಹೋದೀತು, ಜೀವ ಉಳಿದೀತು.