ವಾಸದ ಬಂಡಿಗೆ ವಿದ್ಯುತ್ ಸಂಪರ್ಕ

ಭಾಷಾಪಂಡಿತನಾದವನಿಗೆ ತಂತಿ, ಫ್ಯೂಸುಗಳ ಗೊಡವೆಯೇಕೆಂದು ವಾಚಕರು ಕೇಳಬಹುದು. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಸುತ್ತಿನ ಒಂದು ಜಾತ್ರೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ನನ್ನ ಕಣ್ಣೆದುರಿಗೇ ನೆಲಕ್ಕುರುಳಿದುದೇ ಈ ಲೇಖನಕ್ಕೆ ಕಾರಣ.

ಏಣಗಿ ಬಾಳಪ್ಪನವರಂಥ (1914–2017) ಕಲಾವಿದರು ಕಂಪನಿ ಕಟ್ಟಿಕೊಂಡು ಊರೂರು ತಿರುಗಿದ ಸೀಮೆಯಿದು. ಇಂದಿಗೂ ಜಾತ್ರೆಗಳಿಗೆ ಬರುವ ನಾಟಕದವರು, ತೊಟ್ಟಿಲಿನವರು, ಮಿಠಾಯಿ ಅಂಗಡಿಯವರು ಇವರಲ್ಲಿ ಹಲವರು ಲಾರಿ, ಟೆಂಪೊಗಳನ್ನೇ ಮನೆ ಮಾಡಿಕೊಂಡಿರುತ್ತಾರೆ. ಪಾಶ್ಚಾತ್ಯರು ಕ್ಯಾರವಾನ್ ಎಂದು ಕರೆಯುವ ವಿಹಾರದ ಬಂಡಿಗೂ ಇದಕ್ಕೂ ಸೌಕರ್ಯದಲ್ಲಿ ಬಹಳ ಅಂತರವುಂಟು. ವಿದ್ಯುತ್ತಿಗೆ ಮಾತ್ರ ಎರಡೂ ಒಂದೇ. ರಬ್ಬರಿನ ಗಾಲಿಗಳ ಮೇಲೆ ನಿಂತ ಲೋಹದ ಮನೆ!

ಅಂದು ಸಂಜೆ ಅಕಾಲಿಕ ಮಳೆ ಬಂದು ನೆಲ ತೊಯ್ದಿತ್ತು. ಹುಡುಗನು ಬರಿಗಾಲಿನಲ್ಲಿ ಅಂಥದೊಂದು ಲಾರಿಯ ಬಳಿ ನಿಂತು ಬಾಗಿಲ ಹಿಡಿಕೆಗೆ ಕೈಯಿಟ್ಟನು, ಚೀರಿ ಬಿದ್ದನು. ಪುಣ್ಯಕ್ಕೆ ಕೈ ಬಿಟ್ಟುಕೊಂಡಿತು, ಜೀವ ಉಳಿಯಿತು, ಅಂಗೈ ಸುಟ್ಟಿತ್ತು. ಅದೇ ಲಾರಿಯಲ್ಲಿ ಮೂರು ದಿನಗಳಿಂದ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಒಳಗಿದ್ದವರಿಗೆ ಏನೂ ಆಗಿರಲಿಲ್ಲ. ಬಂದು ನೋಡಿದ ಲೈನ್‌ಮನ್ ಹೇಳಿದುದಿಷ್ಟೇ: "ಗುರುಗಳ, ಈ ಗಾಡಿಗೆ ಅರ್ಥನ ಇಲ್ರಿ!" ಭೂಸಂಪರ್ಕಕ್ಕೆ ಅವರು 'ಅರ್ಥ' ಎನ್ನುತ್ತಾರೆ. ಶಬ್ದಾರ್ಥಗಳಲ್ಲಿಯೇ ಆಯುಷ್ಯ ಕಳೆದ ನನಗೆ ಆ ಮಾತು ಮನಸ್ಸಿನಲ್ಲಿ ನಾಟಿತು.

ಆತನು ವಿವರಿಸಿದ ಸಂಗತಿಯು ಹೀಗಿದೆ. ಪಕ್ಕದ ಅಂಗಡಿಯಿಂದ ಎರಡೇ ಎಳೆಯ ತಂತಿಯನ್ನು ಕಿಟಕಿಯ ಮೂಲಕ ಲಾರಿಯೊಳಕ್ಕೆ ಎಳೆದಿದ್ದರು. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಫೇಸ್ ತಂತಿಯ ಹೊದಿಕೆ ಹರಿದು, ಲಾರಿಯ ಮೈಗೆಲ್ಲ 230 ವೋಲ್ಟು ವ್ಯಾಪಿಸಿತ್ತು. ಆದರೆ ರಬ್ಬರಿನ ಗಾಲಿಗಳು ಬಂಡಿಯನ್ನು ಭೂಮಿಯಿಂದ ಬೇರ್ಪಡಿಸಿದ್ದರಿಂದ ಆ ಪ್ರವಾಹಕ್ಕೆ ಹರಿದುಹೋಗಲು ದಾರಿಯಿರಲಿಲ್ಲ. ಹರಿಯದ ಪ್ರವಾಹಕ್ಕೆ ಫ್ಯೂಸು ಸುಡುವುದಾದರೂ ಹೇಗೆ? ಒಳಗಿದ್ದವರು ನೆಲವನ್ನು ಮುಟ್ಟಿರಲಿಲ್ಲ. ತೊಯ್ದ ನೆಲದ ಮೇಲೆ ನಿಂತು ಹಿಡಿಕೆ ಹಿಡಿದ ಹುಡುಗನ ದೇಹವೇ ದಾರಿಯಾಯಿತು.

ಆದುದರಿಂದ ಬಂಡಿಗೆ ಮೂರು ಎಳೆಯ ಕೇಬಲ್ ಇರಲೇಬೇಕು. ಹಸಿರು ಅಥವಾ ಹಸಿರು-ಹಳದಿ ಬಣ್ಣದ ಮೂರನೆಯ ಎಳೆಯ ಒಂದು ತುದಿಯನ್ನು, ಬಣ್ಣ ಕೆರೆದು ಹೊಳೆಯುವಂತೆ ಮಾಡಿದ ಚಾಸಿಗೆ ಬೋಲ್ಟಿನಿಂದ ಬಿಗಿಯಬೇಕು. ಇನ್ನೊಂದು ತುದಿಯು ಪ್ಲಗ್ಗಿನ ದಪ್ಪ ಕಡ್ಡಿಯ ಮೂಲಕ ಅರ್ಥಿಂಗ್ ಗುಂಡಿಯನ್ನು ಸೇರಬೇಕು. ಈ ಕಡ್ಡಿಯನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರುವುದು ಸುಮ್ಮನೆ ಅಲ್ಲ: ಚುಚ್ಚುವಾಗ ಅದು ಮೊದಲು ಕೂಡುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಅದನ್ನು ಮುರಿದು ಎರಡು ಕಡ್ಡಿಯ ಸಾಕೆಟ್ಟಿಗೆ ತುರುಕುವವರನ್ನು ನಾನು ಕಂಡಿದ್ದೇನೆ.

ಗುಂಡಿಯ ವಿಷಯದಲ್ಲಿ ನಮ್ಮ ನೆಲವನ್ನೂ ನೋಡಬೇಕು. ಧಾರವಾಡದ ಪಡುವಲಿಗೆ ಕೆಮ್ಮಣ್ಣು, ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಎರೆಭೂಮಿ. ಎರೆಮಣ್ಣು ಹಸಿಯಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಶಿವರಾತ್ರಿ ಕಳೆದು ಬಿಸಿಲೇರಿತೆಂದರೆ ಬಿರುಕು ಬಿಟ್ಟು ಪೈಪಿನಿಂದಲೇ ದೂರ ಸರಿಯುತ್ತದೆ. ಪೈಪಿನ ಸುತ್ತ ಇದ್ದಿಲು, ಉಪ್ಪು ತುಂಬಿ ನೀರು ಹನಿಸುವುದು ಇದಕ್ಕಾಗಿ. ಅಷ್ಟಾದರೂ ಮಣ್ಣನ್ನೇ ನಂಬುವಂತಿಲ್ಲ. ಗುಂಡಿಯ ಪ್ರತಿರೋಧ 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 15 ಆಂಪಿಯರ್ ಫ್ಯೂಸು ಅದಕ್ಕೆ ಸುಡದು. ಮನುಷ್ಯನನ್ನು ಕೊಲ್ಲಲಾದರೋ ಆಂಪಿಯರ್‌ನ ಒಂದು ಸಣ್ಣ ಅಂಶವೇ ಸಾಕು.

ಈ ಕೊರತೆಯನ್ನು ತುಂಬುವ ಉಪಕರಣವೇ ಆರ್‌ಸಿಸಿಬಿ. ಹೋದ ಪ್ರವಾಹವೆಷ್ಟು, ಮರಳಿದ ಪ್ರವಾಹವೆಷ್ಟು ಎಂದು ಅದು ಸದಾ ಲೆಕ್ಕವಿಡುತ್ತದೆ. ಲೆಕ್ಕದಲ್ಲಿ 30 ಮಿಲಿಆಂಪಿಯರ್ ತಪ್ಪಿತೆಂದರೆ ಕಣ್ಣುರೆಪ್ಪೆ ಬಡಿಯುವಷ್ಟರೊಳಗೆ ಸಂಪರ್ಕವನ್ನು ಕಡಿದುಹಾಕುತ್ತದೆ. ಅದರ ಮೇಲಿನ 'ಟೆಸ್ಟ್' ಗುಂಡಿಯನ್ನು ಪ್ರತಿ ಊರಿನಲ್ಲಿಯೂ ಒಮ್ಮೆ ಒತ್ತಿ ನೋಡಬೇಕು, ಕಡಿಯದಿದ್ದರೆ ಬದಲಾಯಿಸಬೇಕು. ಆ ಲಾರಿಗೆ ಎಳೆದ ತಂತಿ ಹೊರಟ ಕಡೆಯಲ್ಲಿ ಇದೊಂದಿದ್ದರೆ ಹುಡುಗನ ಅಂಗೈ ಸುಡುತ್ತಿರಲಿಲ್ಲ.

ವಿದ್ಯುತ್ತನ್ನು ಪಡೆಯಬೇಕಾದುದು ಹೆಸ್ಕಾಂ ಕಚೇರಿಯಿಂದ ತಾತ್ಕಾಲಿಕ ಸಂಪರ್ಕ ಕೇಳಿ. ಕಂಬದ ತಂತಿಗೆ ಕೊಕ್ಕೆ ಹಾಕುವುದು 2003ರ ವಿದ್ಯುಚ್ಛಕ್ತಿ ಕಾಯಿದೆಯಂತೆ ಕಳವು. ಅಲ್ಲಿ ಆರ್‌ಸಿಸಿಬಿಯೂ ಇಲ್ಲ, ಅರ್ಥವೂ ಇಲ್ಲ. ಕೇಬಲ್ಲನ್ನು ಸುರುಳಿಯಲ್ಲಿಯೇ ಬಿಟ್ಟು ಒಲೆ, ಇಸ್ತ್ರಿಪೆಟ್ಟಿಗೆಗಳನ್ನು ನಡೆಸಿದರೆ ಒಳಗಿನ ಸುತ್ತುಗಳು ಕಾದು ಹೊದಿಕೆ ಕರಗುತ್ತದೆ. ಪೂರ್ಣ ಬಿಚ್ಚಿ ಹಾಸಬೇಕು. ತಂತಿ ತಗಡನ್ನು ದಾಟುವಲ್ಲಿ ರಬ್ಬರಿನ ಬಳೆ ಹಾಕಬೇಕು.

ಇನ್ನು ಜೋಡಿಸುವ ಕ್ರಮ. ಒಳಗಿನ ಸ್ವಿಚ್ಚುಗಳೂ ಹೊರಗಿನ ಮೇನ್ ಸ್ವಿಚ್ಚೂ ಆರಿರಲಿ. ಕೇಬಲ್ಲನ್ನು ಮೊದಲು ಬಂಡಿಗೆ, ಆಮೇಲೆ ಕಂಬದ ಬಳಿಯ ಪೆಟ್ಟಿಗೆಗೆ ಕೂಡಿಸಿ, ಅನಂತರ ಮೇನ್ ಹಾಕಬೇಕು. ಬಂಡಿಯ ತುದಿಯನ್ನು ಕೊನೆಗೆ ಜೋಡಿಸಹೊರಟರೆ ಜೀವಂತ ತುದಿಯನ್ನು ಕೈಯಲ್ಲಿ ಹಿಡಿದು ಒದ್ದೆ ನೆಲದಲ್ಲಿ ನಡೆಯಬೇಕಾದೀತು. ಹೊರಡುವ ದಿನ ಇದೇ ಕ್ರಮ ತಿರುವುಮುರುವು: ಮೇನ್ ಆರಿಸಿ, ಪೆಟ್ಟಿಗೆಯ ತುದಿಯನ್ನು ಕಿತ್ತು, ಬಂಡಿಯ ತುದಿಯನ್ನು ಕೊನೆಗೆ ಬಿಡಿಸಬೇಕು.