ಗೆರೆ ಉದ್ದಕ್ಕೋ, ಅಡ್ಡಕ್ಕೋ?

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಕಂಪ್ಯೂಟರ್ ಕೆಡುವುದಕ್ಕೆ ವೈರಸ್ಸೇ ಬೇಕಿಲ್ಲ, ನೂಲಿನ ಧೂಳು ಸಾಕು. ಪವರ್‌ಲೂಮ್ ಓಡುವ ಮನೆಯಲ್ಲಿ ಕಿಟಕಿ ಸರಳು, ಫ್ಯಾನಿನ ರೆಕ್ಕೆ, ದೇವರ ಪಟ, ಯಾವುದನ್ನೂ ಅದು ಬಿಡುವುದಿಲ್ಲ. ಸಿಪಿಯು ಡಬ್ಬಿಯೊಳಗಂತೂ ಬೆಚ್ಚಗೆ ಮನೆ ಮಾಡಿಕೊಳ್ಳುತ್ತದೆ. ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಮನೆಯಲ್ಲಿ ಮಗ್ಗ, ಅಂಗಡಿಯಲ್ಲಿ ಕಂಪ್ಯೂಟರು. ಯಾವುದು ನಿಂತರೂ ಅವತ್ತಿನ ಸಂಪಾದನೆ ಹೋಯಿತು. ರಿಪೇರಿಯವನಿಗೆ ಕಾಯುತ್ತ ಕೂರುವುದಕ್ಕಿಂತ ಬಿಚ್ಚಿ ನೋಡುವುದೇ ವಾಸಿ ಎಂದು ಶುರುಮಾಡಿದೆ. ಈಗ ಅರ್ಜಿ ತುಂಬಿಸಲು ಬರುವವರು ಜೊತೆಗೊಂದು ಮಿಕ್ಸಿಯನ್ನೂ ಬಟ್ಟೆ ಚೀಲದಲ್ಲಿ ತರುತ್ತಾರೆ. “ಅಕ್ಕಾ, ಇದೊಂಚೂರು ನೋಡಕ್ಕಾ” ಅನ್ನುತ್ತಾರೆ.

ನೋಡುವುದನ್ನು ಕಲಿಸಿದವರು ನಮ್ಮ ಮಾವ. ಅವರಿಗೆ ಕಂಪ್ಯೂಟರ್ ಆನ್ ಮಾಡಲೂ ಬಾರದು. ಆದರೆ ಸೀರೆಯಲ್ಲಿ ಡ್ಯಾಮೇಜ್ ಬಂದರೆ ಮಗ್ಗ ನಿಲ್ಲಿಸಿ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ನೋಡಮ್ಮ, ಗೆರೆ ಉದ್ದಕ್ಕೆ ಬಂದೈತಾ, ಅಡ್ಡಕ್ಕೆ ಬಂದೈತಾ?”

ಮಗ್ಗ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉದ್ದಕ್ಕೆ ಎಳೆದು ಕಟ್ಟಿದ್ದು ಹಾಸು, ಲಾಳಿ ಅಡ್ಡಲಾಗಿ ಹಾಕುವುದು ಹೊಕ್ಕು. ಹಾಸಿನ ಯಾವ ಎಳೆಗಳು ಯಾವಾಗ ಮೇಲೇಳಬೇಕು ಎಂದು ಹೇಳುವುದು ಮಗ್ಗದ ಮೇಲಿನ ಜಕಾರ್ಡು. ತೂತು ಹೊಡೆದ ರಟ್ಟಿನ ಕಾರ್ಡುಗಳು ಒಂದರ ಹಿಂದೊಂದು ಬರುತ್ತವೆ. ತೂತು ಇದ್ದಲ್ಲಿ ಕೊಕ್ಕೆ ಎಳೆಯನ್ನು ಎತ್ತುತ್ತದೆ, ಇಲ್ಲದಲ್ಲಿ ಬಿಡುತ್ತದೆ. ಸೀರೆಯ ಉದ್ದಕ್ಕೂ ಒಂದೇ ಸಮನೆ ಗೆರೆ ಬಿದ್ದಿದ್ದರೆ ಹಾಸಿನ ಎಳೆಯೊಂದು ಕಡಿದಿದೆ, ಇಲ್ಲವೇ ಒಂದು ಕೊಕ್ಕೆ ಏಳುತ್ತಿಲ್ಲ. ಪ್ರತಿ ಹೂವಿನಲ್ಲೂ ಅದೇ ಜಾಗಕ್ಕೆ ತಪ್ಪು ಬರುತ್ತಿದ್ದರೆ ಕಾರ್ಡಿನಲ್ಲೇ ದೋಷ, ತೂತು ಮುಚ್ಚಿದೆ ಅಥವಾ ಹರಿದಿದೆ. ಅಡ್ಡ ಗೆರೆ ಇಂಥಲ್ಲೇ ಎಂದಿಲ್ಲದೆ ಎಲ್ಲೆಂದರಲ್ಲಿ ಬಂದರೆ ಲಾಳಿಯನ್ನೋ ನೂಲಿನ ಬಿಗಿಯನ್ನೋ ನೋಡಬೇಕು. ಮಾವ ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅರ್ಧ ರಿಪೇರಿ ಮುಗಿದಿರುತ್ತಿತ್ತು.

ಫ್ರಾನ್ಸಿನ ಲಿಯೋನ್ ಊರಿನ ಜೋಸೆಫ್ ಮರಿ ಜಕಾರ್ಡ್ ಈ ಯಂತ್ರವನ್ನು ರೂಪಿಸಿದ್ದು 1804ರಲ್ಲಿ. ತೂತಿನ ಕಾರ್ಡಿನಲ್ಲಿ ಲೆಕ್ಕವನ್ನೂ ಬರೆದಿಡಬಹುದು ಎಂದು 1890ರ ಅಮೆರಿಕದ ಜನಗಣತಿಯಲ್ಲಿ ತೋರಿಸಿದವರು ಹರ್ಮನ್ ಹಾಲರಿತ್. ಅವರ ಕಂಪನಿ ಬೇರೆ ಕಂಪನಿಗಳ ಜೊತೆ ಸೇರಿ ಮುಂದೆ ಐಬಿಎಂ ಆಯಿತು. ನಮ್ಮ ಬೀದಿಯಲ್ಲಿ ಸದ್ದು ಮಾಡುವ ಜಕಾರ್ಡಿಗೂ ನನ್ನ ಅಂಗಡಿಯ ಕಂಪ್ಯೂಟರಿಗೂ ನಂಟು ಇಷ್ಟು ಹಳೆಯದು. ಮಾವನ ಪ್ರಶ್ನೆ ಎರಡಕ್ಕೂ ಒಗ್ಗುವುದರಲ್ಲಿ ಆಶ್ಚರ್ಯವೇನಿಲ್ಲ.

ಯಾವಾಗಲೂ ಇರುವ ದೋಷವಾದರೆ ಯಾವುದೋ ಒಂದು ಭಾಗ ಸತ್ತಿದೆ. ಒಂದು ನಿರ್ದಿಷ್ಟ ಹೊತ್ತಿಗೆ, ನಿರ್ದಿಷ್ಟ ಕೆಲಸಕ್ಕೆ ಮಾತ್ರ ಬರುವ ದೋಷವಾದರೆ ಬಿಸಿಯನ್ನೋ ಆ ಒಂದು ಸಾಫ್ಟ್‌ವೇರನ್ನೋ ಅನುಮಾನಿಸಬೇಕು. ಮನಸ್ಸು ಬಂದಾಗ ಬಂದು ಹೋಗುವ ದೋಷವಾದರೆ ಎಲ್ಲೋ ಲೂಸ್ ಕನೆಕ್ಷನ್, ಇಲ್ಲವೇ ಕರೆಂಟಿನ ಏರಿಳಿತ. ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ಸ್ಕ್ರೂ ಬಿಚ್ಚಿದರೆ ಕೈಗೆ ಸಿಗುವುದು ಸ್ಕ್ರೂ ಮಾತ್ರ.

“ಅರ್ಧ ಗಂಟೆ ಚೆನ್ನಾಗಿ ಓಡತ್ತೆ, ಆಮೇಲೆ ತಾನಾಗೇ ಆಫ್ ಆಗತ್ತೆ” ಎಂದು ಯಾರಾದರೂ ಹೇಳಿದರೆ ನಾನು ಡಬ್ಬಿ ತೆಗೆಯುವ ಮೊದಲೇ ಪೇಂಟ್ ಬ್ರಷ್ ಹುಡುಕುತ್ತೇನೆ. ಪ್ರೊಸೆಸರ್ ಅತಿಯಾಗಿ ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಂತುಬಿಡುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಒಂದಷ್ಟು ಹೊತ್ತು ಒತ್ತಿ ಹಿಡಿದು ಒಳಗೆ ಉಳಿದ ಕರೆಂಟನ್ನು ಇಳಿಸಿ, ಡಬ್ಬಿಯ ಲೋಹದ ಭಾಗವನ್ನೊಮ್ಮೆ ಮುಟ್ಟಿ ಆಮೇಲೆ ಕೈ ಹಾಕಬೇಕು. ಪಕ್ಕದ ತಗಡು ತೆಗೆದರೆ ಪ್ರೊಸೆಸರ್ ಮೇಲೆ ಚಿಕ್ಕ ಫ್ಯಾನು, ಅದರ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳ ಸಾಲು ಕಾಣುತ್ತದೆ. ಮಗ್ಗದ ಮನೆಯ ಕಂಪ್ಯೂಟರಿನಲ್ಲಿ ಆ ಪಟ್ಟಿಗಳ ನಡುವೆ ನೂಲಿನ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತದೆ. ಚಿಮುಟದಿಂದ ಎಳೆದರೆ ಇಡೀ ತುಂಡೇ ಎದ್ದು ಬರುತ್ತದೆ. ಬ್ರಷ್‌ನಿಂದ ಕೆದರಿ ಬ್ಲೋಯರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ಒತ್ತಿ ಹಿಡಿದಿರಿ. ಗಾಳಿಗೆ ಅದು ಗಿರ್ರನೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಆ ಪಟ್ಟಿಗಳನ್ನೇ ಕಿತ್ತು ತೆಗೆದಿದ್ದರೆ ಹಳೆಯ ಪೇಸ್ಟ್ ಒರೆಸಿ ಹೊಸ ಥರ್ಮಲ್ ಪೇಸ್ಟನ್ನು ಬಟಾಣಿ ಕಾಳಿನಷ್ಟು ಮಾತ್ರ ಹಾಕಬೇಕು. ಜಾಸ್ತಿ ಮೆತ್ತಿದರೆ ಜಾಸ್ತಿ ತಂಪು ಎಂದೇನಿಲ್ಲ.

ಆನ್ ಮಾಡಿದರೆ ಫ್ಯಾನು ತಿರುಗುತ್ತದೆ, ಬೀಪ್ ಬೀಪ್ ಎನ್ನುತ್ತದೆ, ಪರದೆ ಮಾತ್ರ ಕಪ್ಪು. ಇಂಥ ಕಡೆ ಬಹಳ ಸಲ ರ್‍ಯಾಮ್ ಸರಿಯಾಗಿ ಕೂತಿರುವುದಿಲ್ಲ. ರ್‍ಯಾಮ್ ಪಟ್ಟಿಯನ್ನು ತೆಗೆದು ಅದರ ಬಂಗಾರದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಟಕ್ ಎನ್ನುವಂತೆ ಒತ್ತಿ ಕೂರಿಸಿ. ಇಷ್ಟಕ್ಕೇ ಎದ್ದು ಕೂತ ಕಂಪ್ಯೂಟರುಗಳು ಲೆಕ್ಕವಿಲ್ಲದಷ್ಟು.

ಇನ್ನೊಂದು ದೋಷ ಮೇಲ್ನೋಟಕ್ಕೆ ಇಂಟರ್‌ನೆಟ್ಟಿನದು ಅನಿಸುತ್ತದೆ. ಬೆಳಗ್ಗೆ ಆನ್ ಮಾಡಿದರೆ ಯಾವ ವೆಬ್‌ಸೈಟೂ ತೆರೆಯುವುದಿಲ್ಲ, ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಪರದೆಯ ಮೂಲೆಯಲ್ಲಿ ದಿನಾಂಕ ನೋಡಿ: ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಪ್ರತಿ ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ ತಪ್ಪು ದಿನಾಂಕದ ಕಂಪ್ಯೂಟರ್ ಯಾವುದನ್ನೂ ನಂಬುವುದಿಲ್ಲ. ಕಾರಣ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ, ಸಿಆರ್2032, 3 ವೋಲ್ಟಿನದು. ಅದು ಸತ್ತಿರುತ್ತದೆ; ಹೊಸದು ಎಲೆಕ್ಟ್ರಿಕಲ್ ಅಂಗಡಿಯಲ್ಲೋ ವಾಚ್ ಅಂಗಡಿಯಲ್ಲೋ ಸಿಗುತ್ತದೆ. ಇದಕ್ಕೂ ‘ಫಾರ್ಮ್ಯಾಟ್ ಮಾಡಬೇಕು’ ಎಂದು ದುಡ್ಡು ಕೇಳುವವರಿದ್ದಾರೆ, ಹುಷಾರು.

ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದಲ್ಲ, ಅದನ್ನು ವೈರಸ್ ಎಂದು ಹೆದರಿ ಅಳಿಸಿದವರನ್ನೂ ಕಂಡಿದ್ದೇನೆ. ಫೈಲು ಸರಿಯಾಗಿಯೇ ಇರುತ್ತದೆ, ಫಾಂಟು ಇರುವುದಿಲ್ಲ ಅಷ್ಟೆ. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಹಾಕಿಕೊಳ್ಳಿ, ಇಲ್ಲವೇ ಯುನಿಕೋಡಿಗೆ ಪರಿವರ್ತಿಸಿ. ಆದರೆ ಹಾರ್ಡ್‌ಡಿಸ್ಕ್ ಒಳಗಿಂದ ಟಿಕ್ ಟಿಕ್ ಸದ್ದು ಬಂದರೆ ಮಾತ್ರ ತಮಾಷೆಯಲ್ಲ. ಮತ್ತೆ ಮತ್ತೆ ಆಫ್-ಆನ್ ಮಾಡದೆ ಮೊದಲು ಫೋಟೋ, ದಾಖಲೆಗಳನ್ನು ಬೇರೆ ಕಡೆಗೆ ಕಾಪಿ ಮಾಡಿ.

ಮನೆ ಸಾಮಾನಿಗೆ ಬಂದರೆ ನಮ್ಮ ಜಿಲ್ಲೆಯ ಮೊದಲ ಶತ್ರು ನೀರು. ವರ್ಷವಿಡೀ ಹರಿಯುವ ಹೊಳೆ ನಮಗಿಲ್ಲ, ಬೋರ್‌ವೆಲ್ಲೇ ಗತಿ. ಆಳಕ್ಕೆ ಹೋದಷ್ಟೂ ಗಡಸು. ಬಕೆಟ್ಟಿನ ಅಂಚಿನಲ್ಲಿ ಕಾಣುವ ಬಿಳಿ ಪೊರೆಯೇ ಗೀಸರಿನ ಕಾಯಿಲ್ ಮೇಲೂ ಕಟ್ಟುತ್ತದೆ. ಕಾವು ನೀರಿಗೆ ದಾಟುವ ಬದಲು ಕಾಯಿಲ್‌ನಲ್ಲೇ ಉಳಿಯುತ್ತದೆ, ಕರೆಂಟ್ ಬಿಲ್ ಏರುತ್ತದೆ, ಒಂದು ದಿನ ಕಾಯಿಲ್ ಸುಡುತ್ತದೆ. ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡಿಗೆ ಪೊರೆ ಕಟ್ಟಿದ್ದರೆ ಪ್ಲಗ್ ತೆಗೆದು, ತಣ್ಣಗಾದ ಮೇಲೆ, ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಲೋಹದ ಭಾಗ ಮಾತ್ರ ಮುಳುಗುವಂತೆ ಇಡಿ, ಚಾಕುವಿನಲ್ಲಿ ಕೆರೆಯಬೇಡಿ. ವಾಷಿಂಗ್ ಮಷೀನಿಗೆ ನೀರು ಸಣ್ಣಗೆ ಬರುತ್ತಿದೆ ಎಂದರೆ ಪೈಪು ಸೇರುವ ಕಡೆಯ ಚಿಕ್ಕ ಜಾಲರಿ ಕಟ್ಟಿದೆ. ನಲ್ಲಿ ಮುಚ್ಚಿ, ಪೈಪು ತಿರುಗಿಸಿ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಮುಗಿಯಿತು.

ಮಿಕ್ಸಿ ಇದ್ದಕ್ಕಿದ್ದಂತೆ ನಿಂತರೆ ತಲೆಕೆಳಗು ಮಾಡಿ ನೋಡಿ. ಅಡಿಯಲ್ಲಿ ಒಂದು ಚಿಕ್ಕ ಗುಂಡಿ ಇರುತ್ತದೆ, ಹೆಚ್ಚಾಗಿ ಕೆಂಪು ಬಣ್ಣದ್ದು. ಗಟ್ಟಿ ಚಟ್ನಿಗೆ ನೀರು ಹಾಕದೆ ಎಳೆದಾಡಿಸಿದರೆ ಮೋಟರ್ ಸುಡದಿರಲಿ ಎಂದು ಅದು ಹೊರಕ್ಕೆ ಬರುತ್ತದೆ. ಜಾರು ಖಾಲಿ ಮಾಡಿ, ತಣಿಯಲು ಬಿಟ್ಟು, ಗುಂಡಿ ಒತ್ತಿ. ಮೋಟರ್ ಸದ್ದು ಬರುತ್ತದೆ, ಬ್ಲೇಡು ತಿರುಗುವುದಿಲ್ಲ ಎಂದರೆ ಕಪ್ಲರ್ ಸವೆದಿದೆ. ಎಷ್ಟೋ ಮಿಕ್ಸಿಗಳಲ್ಲಿ ಅದರ ಮರೆ ಉಲ್ಟಾ ಇರುತ್ತದೆ. ಎಂದಿನ ದಿಕ್ಕಿಗೆ ಬಲ ಹಾಕಿ ಬಿಚ್ಚಲು ಹೋದರೆ ಇನ್ನಷ್ಟು ಬಿಗಿಯಾಗುತ್ತದೆ. ಸೀಲಿಂಗ್ ಫ್ಯಾನು ನಿಧಾನವಾದರೆ, ಕೋಲಿನಿಂದ ತಳ್ಳಿದರೆ ಮಾತ್ರ ಹೊರಟರೆ, ಹೆಚ್ಚಿನ ಪಾಲು ಕೆಪಾಸಿಟರಿನದೇ ತಪ್ಪು. ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಇರುತ್ತದೆ. ಹಳೆಯದರ ಮೇಲೆ ಬರೆದಿರುವುದನ್ನೇ ಕೇಳಿ ತನ್ನಿ. ಬದಲಿಸುವಾಗ ಗೋಡೆಯ ಸ್ವಿಚ್ಚನ್ನು ನಂಬಬೇಡಿ, ಮೇನ್ ಆಫ್ ಮಾಡಿ.

ತೂಬಗೆರೆ, ಸಾಸಲು ಕಡೆಯ ರೈತರು ಔಷಧಿ ಹೊಡೆಯುವ ಬ್ಯಾಟರಿ ಪಂಪು ತರುತ್ತಾರೆ. ಅದರೊಳಗೆ ಇರುವುದೂ ಕಂಪ್ಯೂಟರ್ ಯುಪಿಎಸ್ ಒಳಗೆ ಇರುವುದೂ ಒಂದೇ ಜಾತಿಯ 12 ವೋಲ್ಟ್ ಬ್ಯಾಟರಿ. ಕರೆಂಟ್ ಹೋದ ಕೂಡಲೇ ಯುಪಿಎಸ್ ಕೂಗಿಕೊಂಡು ಸತ್ತರೆ ಇಡೀ ಯುಪಿಎಸ್ ಎಸೆಯಬೇಕಿಲ್ಲ, ಬ್ಯಾಟರಿ ಬದಲಿಸಿದರೆ ಸಾಕು. ಪಂಪಿನ ನಾಝಲ್ ಕಟ್ಟಿದ್ದರೆ ಪಿನ್ನು, ತಂತಿ ಚುಚ್ಚಬೇಡಿ. ತೂತು ದೊಡ್ಡದಾದರೆ ಔಷಧಿ ಹನಿಹನಿಯಾಗಿ ಬೀಳುತ್ತದೆಯೇ ಹೊರತು ಮಂಜಿನ ಹಾಗೆ ಹರಡುವುದಿಲ್ಲ. ಪೊರಕೆ ಕಡ್ಡಿ ಸಾಕು, ಕೈಗೆ ಗ್ಲೌಸ್ ಇರಲಿ.

ಎರಡನೇ ಶತ್ರು ಕರೆಂಟು, ಅದರಲ್ಲೂ ನ್ಯೂಟ್ರಲ್. ಮಳೆಗಾಲದ ಗಾಳಿಗೆ ಕಂಬದಲ್ಲಿ ನ್ಯೂಟ್ರಲ್ ತಂತಿ ತುಂಡಾದರೆ ಒಂದು ಮನೆಯಲ್ಲಿ ಬಲ್ಬು ಮಂಕಾಗುತ್ತದೆ, ಪಕ್ಕದ ಮನೆಯಲ್ಲಿ ಕಣ್ಣು ಕುಕ್ಕುವಷ್ಟು ಬೆಳಗುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 300 ದಾಟಿ ಹೋಗಬಹುದು. ಟಿವಿ, ಫ್ರಿಜ್ಜು, ಚಾರ್ಜರ್ ಎಲ್ಲ ಒಟ್ಟಿಗೇ ಹೋಗುವುದು ಇಂಥ ರಾತ್ರಿಗಳಲ್ಲೇ. ಬೆಳಕು ಹೀಗೆ ಆಟವಾಡಿದರೆ ಒಂದೊಂದೇ ಪ್ಲಗ್ ಕೀಳುತ್ತ ಕೂರಬೇಡಿ; ಮೇನ್ ಸ್ವಿಚ್ ಇಳಿಸಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಅದರ ಮೇಲಿರುವ ‘ಟಿ’ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಕೂಡಲೇ ಟ್ರಿಪ್ ಆಗಬೇಕು. ಆಗದಿದ್ದರೆ ಶಾಕ್ ಹೊಡೆದಾಗಲೂ ಅದು ಕಾಪಾಡುವುದಿಲ್ಲ.

ನಾನು ಮುಟ್ಟದವೂ ಇವೆ. ಮೈಕ್ರೋವೇವ್ ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚುವುದಿಲ್ಲ, ಹಾಗೇ ಬದಲಿಸುತ್ತೇನೆ. ಉಬ್ಬಿದ ಮೊಬೈಲ್ ಬ್ಯಾಟರಿ, ಗ್ಯಾಸ್ ಸ್ಟೌವಿನ ರೆಗ್ಯುಲೇಟರ್ ತಂದರೆ ಅಂಗಡಿ ಒಳಗೇ ಬಿಟ್ಟುಕೊಳ್ಳುವುದಿಲ್ಲ. “ಇಷ್ಟೆಲ್ಲ ಬರತ್ತೆ, ಇದ್ಯಾಕೆ ಬರಲ್ಲ?” ಅಂತ ಕೇಳುತ್ತಾರೆ. ಬರಲ್ಲ, ಅಷ್ಟೆ.

ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವುದು ಬಡವರ ಪಾಡು ಎಂಬ ಮಾತು ಈಗ ನಡೆಯುವುದಿಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್‌ಮಾ ಎಂಬ ಮಹಿಳೆ ಶುರುಮಾಡಿದ ರಿಪೇರಿ ಕೆಫೆ, ಪೂರ್ಣಾ ಸರ್ಕಾರ್ ಮತ್ತು ಅಂತರಾ ಮುಖರ್ಜಿ ಅವರಿಂದಾಗಿ 2015ರಲ್ಲಿ ಬೆಂಗಳೂರಿಗೂ ಬಂತು. ಜನ ಕೆಟ್ಟ ಸಾಮಾನು ತರುತ್ತಾರೆ, ಬಲ್ಲವರ ಜೊತೆ ಕೂತು ತಾವೇ ಸರಿಮಾಡಿಕೊಳ್ಳುತ್ತಾರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರಿ’ ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ಸಾಮಾನು, ವಾಹನ ಈ ನಾಲ್ಕು ವಿಭಾಗಗಳ ಕಂಪನಿಗಳು ಬಿಡಿಭಾಗ, ಸರ್ವಿಸ್, ಕೈಪಿಡಿಯ ವಿವರಗಳನ್ನು ಅಲ್ಲಿ ಕೊಡಬೇಕು ಎಂಬುದು ಉದ್ದೇಶ. ಒಳ್ಳೆಯದೇ. ಆದರೆ ಪೋರ್ಟಲ್ ಒಂದರಿಂದ ಪಾರ್ಟು ನಮ್ಮೂರ ಅಂಗಡಿಗೆ ಬರುವುದಿಲ್ಲ. ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆ ದೇವನಹಳ್ಳಿ ಕಡೆ ಎದ್ದಿದೆ. ಆದರೂ ಸಾಮಾನ್ಯ ಮಿಕ್ಸಿಯ ಅಸಲಿ ಕಪ್ಲರಿಗೆ ನಾನು ಇನ್ನೂ ಬೆಂಗಳೂರಿನ ಎಸ್.ಪಿ. ರೋಡಿಗೇ ಹೋಗುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ ಮುಗಿದ ಮೇಲೆ ‘ಕಂಪ್ಯೂಟರ್ ಹಳೆಯದಾಯಿತು, ಬಿಸಾಕಿ’ ಎನ್ನುವವರು ಹೆಚ್ಚಾಗಿದ್ದಾರೆ. ವಿಂಡೋಸ್ 11 ಹಿಡಿಸದ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿ, ಹಾರ್ಡ್‌ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಕೂರಿಸಿದರೆ ಮಕ್ಕಳ ಓದಿಗೆ, ಕನ್ನಡ ಟೈಪಿಂಗಿಗೆ ಇನ್ನೂ ಬಹುಕಾಲ ಬರುತ್ತದೆ. ನಿಜಕ್ಕೂ ಮುಗಿದದ್ದನ್ನು ಗುಜರಿಗೆ ಹಾಕಿ ತಂತಿ ಸುಡಲು ಬಿಡಬೇಡಿ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲಿ ಒಂದಾದ ಇ-ಪರಿಸರ 2005ರಿಂದ ನಮ್ಮದೇ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿದೆ.

ಇದೆಲ್ಲ ಓದಿಯೂ ಸ್ಕ್ರೂಡ್ರೈವರ್ ಹಿಡಿಯಲು ಮನಸ್ಸಾಗದಿದ್ದರೆ ಬೇಡ. ಆದರೆ ರಿಪೇರಿ ಅಂಗಡಿಗೆ ಹೋದಾಗ ‘ಕೆಟ್ಟಿದೆ’ ಎಂದಷ್ಟೇ ಹೇಳಬೇಡಿ. ಯಾವಾಗ ನಿಲ್ಲುತ್ತದೆ, ಎಷ್ಟು ಹೊತ್ತಿಗೆ, ಯಾವ ಸದ್ದು, ಯಾವ ವಾಸನೆ ಎಂದು ಹೇಳಿ. ಪಾರ್ಟ್ ಬದಲಾಯಿಸಿದ್ದೇನೆ ಎಂದರೆ ಹಳೆಯದನ್ನು ಕೇಳಿ ಪಡೆಯಿರಿ. ಕೊಡುವುದಿಲ್ಲ ಎಂದರೆ ಮುಂದಿನ ಸಲ ಬೇರೆ ಅಂಗಡಿ ನೋಡಿಕೊಳ್ಳಿ.