ನಿಮಗಿದು ಗೊತ್ತೇ? ನ್ಯೂಟ್ರಲ್ ಹಾಕಿದರೆ ನಷ್ಟ!

ಪೆಟ್ರೋಲ್ ಉಳಿಸುವ ವಿದ್ಯೆಯಲ್ಲಿ ನಮ್ಮ ಮಾವನವರದು ಪಳಗಿದ ಕೈ. ಘಾಟಿ ಇಳಿಯುವಾಗ ನ್ಯೂಟ್ರಲ್, ಸಿಗ್ನಲ್‌ನಲ್ಲಿ ಇಂಜಿನ್ ಆಫ್, ಏರು ಬಂದರೆ ಎಸಿ ಬಂದ್. ಈಗ ಮನೆಗೆ ಎಲೆಕ್ಟ್ರಿಕ್ ಕಾರು ಬಂದಿದೆ. ಅವರ ಎಡಗೈ ಇನ್ನೂ ಇಲ್ಲದ ಗೇರನ್ನು ತಡಕಾಡುತ್ತದೆ. "ಸ್ಟಾರ್ಟ್ ಆಯ್ತೇನ್ರೀ ಅಳಿಯಂದ್ರೇ?" ಎಂಬ ಪ್ರಶ್ನೆ ದಿನಕ್ಕೊಮ್ಮೆ ಇದ್ದೇ ಇದೆ.

ಆ ನ್ಯೂಟ್ರಲ್ ಉಪಾಯ ಪೆಟ್ರೋಲ್ ಕಾರಿನಲ್ಲೇ ಹಳಸಿತ್ತು, ಗೊತ್ತೇ? ಕಾರ್ಬ್ಯುರೇಟರ್ ಕಾಲಕ್ಕೆ ಅದು ಸರಿ. ಇಂಜೆಕ್ಷನ್ ಇಂಜಿನ್ನಿನಲ್ಲಿ, ಗೇರ್‌ನಲ್ಲಿದ್ದಂತೆಯೇ ಕಾಲು ತೆಗೆದು ಇಳಿಜಾರು ಇಳಿದರೆ ಪೆಟ್ರೋಲ್ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ ಹಾಕಿದರೋ, ಇಂಜಿನ್ ಆರದಿರಲೆಂದು ಮತ್ತೆ ಕುಡಿಯಲು ಶುರು. ಎಲೆಕ್ಟ್ರಿಕ್ ಕಾರಿನಲ್ಲಂತೂ ಅದು ಕೈಗೆ ಬಂದ ತುತ್ತನ್ನು ಬಿಟ್ಟಂತೆ. ಕಾಲು ತೆಗೆದ ಕೂಡಲೇ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ. ನಮ್ಮ ಮೆಟ್ರೊ ರೈಲು ನಿಲ್ದಾಣ ಸಮೀಪಿಸುವಾಗ ಮಾಡುವುದೂ ಇದನ್ನೇ.

ಎಷ್ಟು ಬರುತ್ತದೆ ಅಂತೀರಾ? ಜನರೂ ಸೇರಿ 1,600 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಲೆಕ್ಕಕ್ಕೆ ಸಿಗುವ ಶಕ್ತಿ ಸುಮಾರು 2 ಯೂನಿಟ್. ಟೈರು, ಗಾಳಿ, ವೈರುಗಳು ತಿಂದು ಉಳಿದದ್ದು ಬ್ಯಾಟರಿಗೆ. ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಮೀಟರಿನ ಹಸಿರು ಪಟ್ಟಿ ಹಿಗ್ಗುತ್ತಿದ್ದರೆ ಮಾವನವರ ಮುಖವೂ ಹಿಗ್ಗುತ್ತದೆ.

ಆದರೆ ಬೆಟ್ಟದ ಮೇಲಿನ ಹೋಂಸ್ಟೇಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ 100% ತೋರಿಸುತ್ತಾ ಇಳಿಯಲು ಹೊರಟಿರೋ, ಈ ಲಾಭ ಸೊನ್ನೆ! ತುಂಬಿದ ಕೊಡಕ್ಕೆ ಇನ್ನೆಲ್ಲಿ ಹೊಯ್ಯುವುದು? ಮೋಟಾರಿನ ಹಿಡಿತ ಸಡಿಲವಾಗಿ ಬ್ರೇಕನ್ನೇ ಒತ್ತಬೇಕಾಗುತ್ತದೆ. 'ಟ್ಯಾಂಕ್ ಫುಲ್' ಚಟವನ್ನು ಬೆಟ್ಟದ ಮೇಲಾದರೂ ಬಿಟ್ಟು, 85–90ಕ್ಕೆ ಪ್ಲಗ್ ಕೀಳಿ.

ಬ್ರೇಕ್ ತುಳಿಯದೆಯೇ ಬ್ರೇಕ್ ಲೈಟ್ ಹತ್ತುವುದೂ ಉಂಟು. ಹಿಂದಿನವರು ಗುದ್ದಬಾರದಲ್ಲ! ಮತ್ತೆ, ಬ್ರೇಕಿಗೆ ಕೆಲಸ ಕಡಿಮೆಯಾಗಿ ಡಿಸ್ಕ್ ತುಕ್ಕು ಹಿಡಿಯುವುದೂ ಉಂಟು. ಅದಕ್ಕೇ ಫೋಕ್ಸ್‌ವ್ಯಾಗನ್ ತನ್ನ ಐಡಿ.4 ಕಾರಿನ ಹಿಂಚಕ್ರಗಳಿಗೆ ಹಳೇ ಡ್ರಮ್ ಬ್ರೇಕನ್ನೇ ಕೊಟ್ಟಿತು.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಅಂದರೆ 30 ಯೂನಿಟ್ ಬ್ಯಾಟರಿ ಎಂದರೆ ಮೂರೂ ಕಾಲು ಲೀಟರ್ ಪೆಟ್ರೋಲ್. ಸ್ಕೂಟರ್ ಟ್ಯಾಂಕಿಗೂ ಕಡಿಮೆ! ಅಷ್ಟರಲ್ಲೇ ಕಾರು ಇನ್ನೂರು ಕಿಲೋಮೀಟರಿನ ಹತ್ತಿರ ಹೋಗುತ್ತದೆ, ಯಾಕೆಂದರೆ ಶಕ್ತಿಯ ಬಹುಪಾಲನ್ನು ಬಿಸಿಯಾಗಿ ಊದಿಬಿಡುವ ಇಂಜಿನ್ ಇಲ್ಲಿಲ್ಲ. ಇದಕ್ಕೂ ಒಂದು ಬೆಲೆ ಇದೆ. ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಪೆಟ್ರೋಲ್ ಕಾರಿನ ಹೀಟರ್ ಬಿಟ್ಟಿ. ಇಲ್ಲಿ ಅದಕ್ಕೂ ಬ್ಯಾಟರಿಯೇ ದುಡಿಯಬೇಕು. ಸ್ವೆಟರ್ ಅಗ್ಗ.

ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡರೆ? ಮೋಟಾರಿಗೆ ಖರ್ಚಿಲ್ಲ, ಒಮ್ಮೆ ಒಳಗೆ ತಂಪಾದ ಮೇಲೆ ಎಸಿಗೆ ಸುಮಾರು ಒಂದು ಯೂನಿಟ್, ಅಂದರೆ ಆರೇಳು ಕಿಲೋಮೀಟರ್ ಓಡುವಷ್ಟು. ಇಂಜಿನ್ ಆಫ್ ಮಾಡುವ ಶಿಸ್ತಿಗೆ ಇಲ್ಲಿ ಕೆಲಸವಿಲ್ಲ.

ಹೈವೇಯಲ್ಲಿ ಮೈಲೇಜ್ ಜಾಸ್ತಿ ಎಂಬ ಮಾತೂ ತಲೆಕೆಳಗು. ಊರೊಳಗಿನ ನಿಂತು-ಹೊರಡುವ ಓಟದಲ್ಲಿ ಎಲೆಕ್ಟ್ರಿಕ್ ಕಾರು ದೂರ ಬರುತ್ತದೆ, ಹೈವೇಯಲ್ಲಿ ಸುಸ್ತು. 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಶೇ 56ರಷ್ಟು ಹೆಚ್ಚು.

ಬೆಂಗಳೂರಿಗೆ ಇದೆಲ್ಲ ಹೊಸ ಪಾಠವಲ್ಲ, ಬಿಡಿ. 2001ರಲ್ಲೇ ಇಲ್ಲಿನ ಪುಟಾಣಿ ಎಲೆಕ್ಟ್ರಿಕ್ ಕಾರು 'ರೇವಾ' ಲೆಡ್-ಆಸಿಡ್ ಬ್ಯಾಟರಿಯಲ್ಲಿ 80 ಕಿಲೋಮೀಟರ್ ಓಡುತ್ತಿತ್ತು. ಲಂಡನ್ನಿಗೆ ಹೋಗಿ ಜಿ-ವಿಜ್ ಎನಿಸಿಕೊಂಡಿತು.

ಮಾವನವರ ವಿದ್ಯೆಯಲ್ಲಿ ಒಂದು ಮಾತ್ರ ಹಾಗೇ ಉಳಿದಿದೆ. ಮೋಟಾರು ಗಳಿಸಿದ ಶಕ್ತಿ ಬ್ಯಾಟರಿಗೆ ಹೋಗುವಾಗ ಒಂದಿಷ್ಟು ಸೋರಿಕೆ, ಮತ್ತೆ ಚಕ್ರಕ್ಕೆ ಬರುವಾಗ ಇನ್ನೊಂದಿಷ್ಟು. ಆದ್ದರಿಂದ ನಿಲ್ಲಿಸಿ ಗಳಿಸುವುದಕ್ಕಿಂತ ನಿಲ್ಲದೆ ತೇಲುವುದೇ ಲಾಭ. ದೂರದಲ್ಲಿ ಕೆಂಪು ದೀಪ ಕಂಡರೆ ಅವರು ಅಲ್ಲಿಂದಲೇ ಕಾಲು ಹಗುರ ಮಾಡುತ್ತಾರೆ. ನಾವು ತಲುಪುವಷ್ಟರಲ್ಲಿ ಹಸಿರು. ಹಿಂದಿನವರ ಹಾರನ್ ಕೇಳುತ್ತಲೇ ಇರುತ್ತದೆ. ಅದು ಅವರಿಗೆ ಪೆಟ್ರೋಲ್ ಕಾಲದಿಂದಲೂ ಅಭ್ಯಾಸ.